ಖಣದ ತೋಳಿಗೆ ಎಲೆಬಳ್ಳಿ: ಮಷೀನಿನ ಅಲಂಕಾರ ಹೊಲಿಗೆಯಲ್ಲಿ ಅರಿವೆ ಸುಕ್ಕುಗಟ್ಟುವುದೇಕೆ?

ಸಪ್ತಾಪುರ ಮನೆಹೊಲಿಗೆ, ಧಾರವಾಡ

ಎಲ್ಲರಿಗೂ ನಮಸ್ಕಾರ. ನಮ್ಮ ಅಕ್ಕನ ಮಗಳ ಕುಬಸದ (ಸೀಮಂತದ) ಕಾರ್ಯ ಬರುವ ತಿಂಗಳಿದೆ. ಹಸಿರು ಸೀರೆಯ ಜೊತೆಗೆ ಒಂದು ಖಣವನ್ನು (ದಡಿಯಿರುವ ರವಿಕೆಯ ಅರಿವೆ) ಮಡಿಚಿ ಉಡಿಯಲ್ಲಿ ಹಾಕಿ ಮುಗಿಸುವ ಬದಲು, ಅದನ್ನು ನಾನೇ ರವಿಕೆಯಾಗಿ ಹೊಲಿದು, ತೋಳಿನ ದಡಿಯ (ನೇಯ್ದ ಅಂಚಿನ) ಮೇಲ್ಗಡೆ ಹಳದಿ ದಾರದ ಎಲೆಬಳ್ಳಿಯ ಸಾಲೊಂದನ್ನು ಹಾಕಿ ಕೊಡೋಣವೆಂದು ಮನಸ್ಸು ಮಾಡಿದೆ. ನನ್ನಲ್ಲಿರುವುದು ಮನೆಬಳಕೆಯ ಝಿಗ್‌ಝಾಗ್ ಮಷೀನು. ಬಲಗಡೆಯ ಗುಂಡಿಯನ್ನು ತಿರುವಿದಂತೆ ಎಲೆ, ಕಮಾನು, ಜೇನುಗೂಡು, ಬಾಣ ಹೀಗೆ ಬಗೆಬಗೆಯ ಹೊಲಿಗೆಗಳು ಬರುತ್ತವೆ. ಮಾರಿದವರು "ಗುಂಡಿ ತಿರುವಿದರಾಯಿತು, ಹೂವು ತಾನೇ ಬೀಳುತ್ತದೆ" ಎಂದಿದ್ದರು.

ಹಳೆಯ ಬೆಡ್‌ಶೀಟಿನ ತುಂಡಿನ ಮೇಲೆ ಹೊಲಿದು ನೋಡಿದಾಗ ಅವರ ಮಾತು ನಿಜವೆನಿಸಿತು. ಖಣದ ಮೇಲೆ ಹೊಲಿದಾಗ ಮಾತ್ರ, ಸಾಲಿನುದ್ದಕ್ಕೂ ಅರಿವೆ ಕರಿದ ಹಪ್ಪಳದಂತೆ ಮುದುರಿಕೊಂಡಿತು. ಎಲೆಗಳ ಅಂಚಿನಲ್ಲಿ ಕೆಳಗಿನ ಬಿಳಿ ದಾರ ಚುಕ್ಕಿ ಚುಕ್ಕಿಯಾಗಿ ಮೇಲೆ ಕಾಣುತ್ತಿದೆ. ಬಳ್ಳಿಯ ಬಲಗಡೆಯ ಎಲೆಗಳು ತುಂಬಿಕೊಂಡು ಬಂದರೆ ಎಡಗಡೆಯವು ಯಾರೋ ಹೆಬ್ಬೆರಳಿನಿಂದ ಒತ್ತಿದಂತೆ ಚಪ್ಪಟೆಯಾಗಿವೆ. ಹೊಲಿಗೆ ಒಂದೇ ಕಡೆ ಗುಪ್ಪೆ ಬೀಳತೊಡಗಿದಾಗ ಅರಿವೆಯನ್ನು ಹಿಂದಿನಿಂದ ಸ್ವಲ್ಪ ಎಳೆದೆ ಎನ್ನುವುದನ್ನೂ ಒಪ್ಪಿಕೊಳ್ಳುತ್ತೇನೆ. ಎರಡು ಸೂಜಿಗಳು ಮುರಿದವು. ಅದೊಂದು ಸಾಲನ್ನು ಬಿಚ್ಚಲು ಎರಡು ಸಂಜೆ ಹಿಡಿಯಿತು. ಈಗ ಕತ್ತರಿಸಿದ ಎರಡು ತೋಳುಗಳನ್ನು ಬಿಟ್ಟರೆ ಅಂಗೈ ಅಗಲದ ನಾಲ್ಕು ತುಂಡುಗಳು ಮಾತ್ರ ಉಳಿದಿವೆ. ಇದನ್ನು ಕಂಪ್ಯೂಟರ್ ಎಂಬ್ರಾಯಿಡರಿಯವರಿಗೆ ಕೊಟ್ಟುಬಿಡುವುದೇ ಲೇಸೋ, ಅಥವಾ ನನ್ನ ಮಷೀನಿನಲ್ಲೇ ದಾರಿ ಇದೆಯೋ, ತಿಳಿದವರು ಹೇಳಬೇಕು.

ಹಳೇಹುಬ್ಬಳ್ಳಿ ಪಿಕೋ-ಫಾಲ್

ಅಕ್ಕಾವರಿಗೆ ನಮಸ್ಕಾರ. ಒಂದು ಸಾಲು ಬಳ್ಳಿಗಾಗಿ ಕಂಪ್ಯೂಟರಿನವರ ಬಳಿ ಹೋಗಬೇಡಿರಿ. ನಿಮ್ಮ ಮಷೀನು ಹೊಲಿಯಬಲ್ಲದು ಎಂಬುದನ್ನು ಬೆಡ್‌ಶೀಟಿನ ತುಂಡು ಆಗಲೇ ಹೇಳಿದೆ. ಬೆಡ್‌ಶೀಟು ದಪ್ಪ, ಖಣ ತೆಳುವು, ವ್ಯತ್ಯಾಸ ಅಷ್ಟೇ.

ನೇರ ಹೊಲಿಗೆಯಲ್ಲಿ ದಾರದ ಎಳೆತ ಹೊಲಿಗೆಯ ಉದ್ದಕ್ಕೇ ಇರುತ್ತದೆ. ಝಿಗ್‌ಝಾಗಿನಲ್ಲಿ ಸೂಜಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ಚುಚ್ಚುವುದರಿಂದ, ಪ್ರತಿ ಸಲವೂ ಮೇಲಿನ ದಾರವೂ ಕೆಳಗಿನ ಬಾಬಿನ್ ದಾರವೂ ಸೇರಿ ಅರಿವೆಯ ಎರಡು ಬಿಂದುಗಳನ್ನು ಒಂದರ ಕಡೆಗೆ ಇನ್ನೊಂದನ್ನು ಜಗ್ಗುತ್ತವೆ. ಅಗಲ ಹೆಚ್ಚಿದಷ್ಟೂ ಈ ಜಗ್ಗಾಟ ಹೆಚ್ಚು, ಅರಿವೆ ತೆಳುವಾದಷ್ಟೂ ಅದು ಸೋಲುವುದು ಬೇಗ. ಆದ್ದರಿಂದ ಅರಿವೆಗೆ ಕೆಳಗಿನಿಂದ ಒಂದು ಆಸರೆ ಬೇಕು. ನಮ್ಮ ಅಂಗಡಿಯಲ್ಲಿ ತೆಳುವಾದ ಬಿಳಿ ಕಾಗದ ಅಥವಾ ಬಟರ್ ಪೇಪರನ್ನು ಅರಿವೆಯ ಕೆಳಗೆ ಇಟ್ಟು, ಎರಡನ್ನೂ ಕೂಡಿಸಿ ಹೊಲಿಯುತ್ತೇವೆ. ಹೊಲಿದ ಮೇಲೆ, ಹೊಲಿಗೆಯನ್ನು ಎಡಗೈ ಹೆಬ್ಬೆರಳಿನಿಂದ ಅದುಮಿ ಹಿಡಿದು ಕಾಗದವನ್ನು ಮೆಲ್ಲಗೆ ಹರಿದು ತೆಗೆಯಬೇಕು. ಅದುಮದೆ ಹರಿದರೆ ಕಾಗದದ ಜೊತೆಗೆ ಹೊಲಿಗೆಯೂ ಎದ್ದು ಬರುತ್ತದೆ. ಎಲೆಗಳ ಕೆಳಗೆ ಸಿಕ್ಕಿಕೊಂಡ ಚೂರುಗಳು ಒಗೆದಂತೆ ಮೆಲ್ಲಗೆ ಉದುರಿ ಹೋಗುತ್ತವೆ. ಹಳೆಯ ಪತ್ರಿಕೆಯ ಹಾಳೆಯನ್ನು ಮಾತ್ರ ಬಳಸಬೇಡಿರಿ, ಅದರ ಮಸಿ ತಿಳಿಬಣ್ಣದ ದಾರಕ್ಕೆ ಹತ್ತುತ್ತದೆ. ನಾನೇ ಒಂದು ಸಲ ಗಿರಾಕಿಯ ಕೆನೆಬಣ್ಣದ ರವಿಕೆಯನ್ನು ಹೀಗೆ ಹಾಳು ಮಾಡಿ, ಹೊಸ ಅರಿವೆ ತಂದು ಹೊಲಿದುಕೊಟ್ಟಿದ್ದೇನೆ.

ಗುಪ್ಪೆ ಬಿದ್ದಿತು ಎಂದಿರಲ್ಲ, ಅದಕ್ಕೆ ಕಾರಣ ಬಹುಶಃ ನಿಮ್ಮ ಪ್ರೆಷರ್ ಫುಟ್, ಅಂದರೆ ಅರಿವೆಯನ್ನು ಮೇಲಿನಿಂದ ಒತ್ತಿ ಹಿಡಿಯುವ ಪಾದ. ಸಾದಾ ಫುಟ್ಟಿನ ತಳ ಸಪಾಟಾಗಿರುತ್ತದೆ. ಸ್ಯಾಟಿನ್ ಹೊಲಿಗೆಯಲ್ಲಿ ದಾರ ಒತ್ತೊತ್ತಾಗಿ ಬಿದ್ದು ದಿಬ್ಬವಾಗುವುದರಿಂದ, ಆ ದಿಬ್ಬ ಸಪಾಟು ತಳದ ಕೆಳಗೆ ಸರಿಯಲಾರದೆ ನಿಲ್ಲುತ್ತದೆ. ಅರಿವೆಯ ಕೆಳಗಿರುವ ಮಷೀನಿನ ಹಲ್ಲುಗಳು ಅದನ್ನು ಮುಂದೆ ತಳ್ಳಲು ನೋಡುತ್ತವೆ, ಫುಟ್ ಬಿಡುವುದಿಲ್ಲ, ಸೂಜಿ ಇದ್ದಲ್ಲೇ ಕುಟ್ಟುತ್ತದೆ. ಅಲಂಕಾರ ಹೊಲಿಗೆಯ ಫುಟ್ಟಿನ ತಳದಲ್ಲಿ, ಸೂಜಿಯ ಹಿಂದೆ, ಉದ್ದಕ್ಕೂ ಒಂದು ತೋಡು ಇರುತ್ತದೆ. ಮಷೀನಿನ ಜೊತೆಗೆ ಬಂದ ಡಬ್ಬಿಯಲ್ಲಿರುವ ಫುಟ್ಟುಗಳನ್ನು ಮಗುಚಿ ನೋಡಿರಿ, ಅಂಥದೊಂದು ಇದ್ದೇ ಇರುತ್ತದೆ. ಅರಿವೆಯನ್ನು ಹಿಂದಿನಿಂದ ಎಳೆದರೆ ಸೂಜಿ ಬಾಗಿ ತಟ್ಟೆಗೆ ಬಡಿಯುತ್ತದೆ. ನಿಮ್ಮ ಎರಡು ಸೂಜಿಗಳು ಮುರಿದದ್ದು ಹೀಗೆಯೇ.

ಬಿಳಿ ಚುಕ್ಕಿಗಳು ಕಾಣುವುದು ಮೇಲಿನ ಟೆನ್ಷನ್ (ದಾರದ ಎಳೆತ) ಬಿಗಿಯಾದ್ದರಿಂದ. ಗುಂಡಿ 4ರಲ್ಲಿದ್ದರೆ 3ಕ್ಕೆ, ಬೇಕಾದರೆ 2ಕ್ಕೆ ಇಳಿಸಿರಿ. ಸಾದಾ ಹೊಲಿಗೆಯಲ್ಲಿ ಎರಡು ದಾರಗಳ ಗಂಟು ಅರಿವೆಯ ನಡುವೆ ಕೂಡಬೇಕು ಎನ್ನುತ್ತೇವೆ. ಅಲಂಕಾರ ಹೊಲಿಗೆಯಲ್ಲಿ ಅದು ತುಸು ಕೆಳಗೇ ಇರಲಿ: ಹಿಂಬದಿಯಲ್ಲಿ ಹಳದಿ ದಾರ ಎರಡೂ ಅಂಚುಗಳಿಂದ ಇಣುಕಬೇಕು, ನಡುವೆ ಬಾಬಿನ್ ದಾರ ಪಟ್ಟಿಯಂತೆ ಕಾಣಬೇಕು. ಅಷ್ಟಾದರೆ ಮೇಲ್ಬದಿ ಚೊಕ್ಕವಾಗಿರುತ್ತದೆ. ಅಸ್ತರನ್ನು (ಒಳಪದರದ ಅರಿವೆಯನ್ನು) ಎಲೆಬಳ್ಳಿ ಮುಗಿದ ಮೇಲೆಯೇ ಕೂಡಿಸಿರಿ. ಹಿಂಬದಿಯ ದಾರ ತೋಳಿಗೆ ಚುಚ್ಚುವುದಿಲ್ಲ, ಬಸುರಿಗೆ ಅದೊಂದು ಕಿರಿಕಿರಿ ತಪ್ಪುತ್ತದೆ.

ರಾಣೆಬೆನ್ನೂರು ಮಷೀನ್ ರಿಪೇರಿ

ಮೇಲಿನವರು ಹೇಳಿದ್ದೆಲ್ಲ ಸರಿ. ಆದರೆ ಎಡಗಡೆಯ ಎಲೆ ಚಪ್ಪಟೆಯಾಗುವುದು ಕಾಗದದಿಂದಲೂ ಫುಟ್ಟಿನಿಂದಲೂ ಪೂರ್ತಿ ಹೋಗಲಿಕ್ಕಿಲ್ಲ.

ಗುಂಡಿಯಲ್ಲಿರುವ ಹೊಲಿಗೆಗಳಲ್ಲಿ ಎರಡು ಜಾತಿಗಳಿವೆ. ಕಮಾನು, ಸ್ಯಾಟಿನ್ ಮಣಿ ಇವುಗಳಲ್ಲಿ ಹಲ್ಲುಗಳು ಅರಿವೆಯನ್ನು ಒಂದೇ ದಿಕ್ಕಿಗೆ ಸಾಗಿಸುತ್ತವೆ, ಚಿತ್ರವನ್ನೆಲ್ಲ ಸೂಜಿಯ ಅಡ್ಡ ಓಡಾಟವೇ ಬರೆಯುತ್ತದೆ. ಎಲೆಬಳ್ಳಿ, ಜೇನುಗೂಡು ಮೊದಲಾದವುಗಳಲ್ಲಿ ಹಲ್ಲುಗಳು ಎರಡು ಹೆಜ್ಜೆ ಮುಂದಕ್ಕೆ ಸಾಗಿಸಿ ಒಂದು ಹೆಜ್ಜೆ ಹಿಂದಕ್ಕೂ ತರುತ್ತವೆ. ಮುಂದಿನ ಹೆಜ್ಜೆ ಮತ್ತು ಹಿಂದಿನ ಹೆಜ್ಜೆ ಕೂದಲೆಳೆಯಷ್ಟು ವ್ಯತ್ಯಾಸವಾದರೂ ಎಲೆಯ ಒಂದು ಮಗ್ಗುಲು ಹಿಗ್ಗಿ ಇನ್ನೊಂದು ಮಗ್ಗುಲು ಕುಗ್ಗುತ್ತದೆ. ಅರಿವೆಯ ದಪ್ಪ, ನುಣುಪು, ಫುಟ್ಟಿನ ಒತ್ತಡ ಇವೆಲ್ಲ ಆ ವ್ಯತ್ಯಾಸಕ್ಕೆ ಕಾರಣವಾಗುತ್ತವೆ. ಇದನ್ನು ಸರಿದೂಗಿಸಲು ಅನೇಕ ಮನೆಬಳಕೆಯ ಮಷೀನುಗಳಲ್ಲಿ ಕೂಡುವ-ಕಳೆಯುವ ಗುರುತಿರುವ ಒಂದು ಚಿಕ್ಕ ತಿರುಪು ಅಥವಾ ಗುಂಡಿ ಇರುತ್ತದೆ. ಮೊದಲು ಕಾಗದ ಇಟ್ಟು, ತೋಡಿನ ಫುಟ್ ಹಾಕಿ, ಟೆನ್ಷನ್ ಇಳಿಸಿ ನಾಲ್ಕು ಎಲೆ ಹೊಲಿಯಿರಿ. ಆಮೇಲೆ ಮಾತ್ರ ಆ ತಿರುಪನ್ನು ಕೂದಲಿನಷ್ಟು ತಿರುಗಿಸಿ ಮತ್ತೆ ನಾಲ್ಕು ಎಲೆ ಹೊಲಿದು ನೋಡಿರಿ. ಕಾಗದವಿಲ್ಲದೆ ತಿರುಪನ್ನು ಹೊಂದಿಸಿದರೆ, ಕಾಗದ ಇಟ್ಟ ಕೂಡಲೇ ಲೆಕ್ಕ ತಪ್ಪುತ್ತದೆ.

ತಿರುಪಿಗೆ ಕೈ ಹಚ್ಚುವ ಮುಂಚೆ ಸೂಜಿತಟ್ಟೆಯನ್ನು ಬಿಚ್ಚಿ ಹಲ್ಲುಗಳ ಸಂದಿಯನ್ನು ನೋಡಿರಿ. ನನ್ನ ಬಳಿ "ಮಷೀನು ಅರಿವೆ ಸಾಗಿಸುವುದಿಲ್ಲ" ಎಂದು ಬರುವ ಎಷ್ಟೋ ಮಷೀನುಗಳಲ್ಲಿ ದೋಷ ಇಷ್ಟೇ: ನೂಲಿನ ಧೂಳು ಎಣ್ಣೆಯೊಂದಿಗೆ ಸೇರಿ ಕಂಬಳಿಯ ಚೂರಿನಂತೆ ಗಟ್ಟಿಯಾಗಿ ಕೂತಿರುತ್ತದೆ. ಹಲ್ಲುಗಳು ಏಳಬೇಕಾದಷ್ಟು ಏಳುವುದಿಲ್ಲ. ಸೂಜಿಯ ತುದಿಯಿಂದ ಅದನ್ನು ಎಬ್ಬಿಸಿ, ಬ್ರಷ್ಷಿನಿಂದ ಹೊರಕ್ಕೆ ತೆಗೆಯಿರಿ. ಬಾಯಿಂದ ಊದಿದರೆ ಧೂಳು ಇನ್ನೂ ಒಳಗೆ ಹೋಗುತ್ತದೆ, ಉಗುಳಿನ ಪಸೆಯೂ ಸೇರುತ್ತದೆ.

ಬಾಬಿನ್ ಕೇಸಿನ ಬಿಗಿಯನ್ನು ತಿಳಿಯಲು ಹಳೆಯ ಉಪಾಯವಿದೆ. ಬಾಬಿನ್ ತುಂಬಿದ ಕೇಸನ್ನು ದಾರದ ತುದಿಯಿಂದ ಜೋತು ಬಿಡಬೇಕು. ತನ್ನಷ್ಟಕ್ಕೆ ನಿಂತು, ಕೈಯನ್ನು ಸಣ್ಣಗೆ ಜಾಡಿಸಿದಾಗ ಒಂದೆರಡು ಅಂಗುಲ ಇಳಿದು ಮತ್ತೆ ನಿಂತರೆ ಸರಿ. ಸರ್ರನೆ ಕೆಳಗಿಳಿದರೆ ಸಡಿಲ. ಜಾಡಿಸಿದರೂ ಅಲುಗದಿದ್ದರೆ ಬಿಗಿ. ಕೇಸಿನ ತಿರುಪನ್ನು ಒಮ್ಮೆಗೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸಬೇಡಿರಿ, ಮತ್ತು ಕೆಳಗೊಂದು ಬಿಳಿ ಅರಿವೆ ಹಾಸಿಕೊಳ್ಳಿರಿ. ಆ ತಿರುಪು ಎಳ್ಳುಕಾಳಿನಷ್ಟು ಇರುತ್ತದೆ, ನೆಲಕ್ಕೆ ಬಿದ್ದರೆ ಸಿಗುವುದಿಲ್ಲ.

ಸಪ್ತಾಪುರ ಮನೆಹೊಲಿಗೆ, ಧಾರವಾಡ

ಅಣ್ಣಾವರಿಬ್ಬರಿಗೂ ಉಪಕಾರವಾಯಿತು. ತೋಡಿರುವ ಫುಟ್ ಸಿಕ್ಕಿತು; ಇಷ್ಟು ದಿನ ಅದನ್ನು ಗುಂಡಿಮನೆ ಹೊಲಿಯುವುದೆಂದು ತಿಳಿದು ಪಕ್ಕಕ್ಕಿಟ್ಟಿದ್ದೆ. ಹಲ್ಲುಗಳ ಕೆಳಗಿನಿಂದ ಕಡಲೆಕಾಳಿನಷ್ಟು ಗಾತ್ರದ ಧೂಳಿನ ಉಂಡೆ ಬಂದಿತು. ಇನ್ನೊಂದು ಪ್ರಶ್ನೆ ಉಳಿದಿದೆ. ಒಂದು ತೋಳಿನಲ್ಲಿ ಬಳ್ಳಿ ಪೂರ್ತಿ ಎಲೆಗೆ ಮುಗಿಯಿತು, ಇನ್ನೊಂದರಲ್ಲಿ ಅರ್ಧ ಎಲೆಗೆ. ಎರಡೂ ತೋಳುಗಳು ಒಂದೇ ಅಳತೆಯವು. ಇದನ್ನು ಮೊದಲೇ ಲೆಕ್ಕ ಹಾಕುವ ಬಗೆ ಉಂಟೇ?

ಹಳೇಹುಬ್ಬಳ್ಳಿ ಪಿಕೋ-ಫಾಲ್

ಉಂಟು. ಒಂದು ಎಲೆಯನ್ನು ಅಳೆದರೆ ಮೋಸ ಹೋಗುತ್ತೀರಿ, ಉಳಿದ ತುಂಡಿನ ಮೇಲೆ ಹತ್ತು ಎಲೆ ಹೊಲಿದು ಅಳೆಯಿರಿ. ಹತ್ತು ಎಲೆಗೆ 128 ಮಿಲಿಮೀಟರ್ ಬಂದಿತೆನ್ನೋಣ, ಒಂದಕ್ಕೆ 12.8 ಆಯಿತು. ತೋಳಿನ ಸುತ್ತಳತೆ ಹೊಲಿಗೆಯಿಂದ ಹೊಲಿಗೆಗೆ 300 ಮಿಲಿಮೀಟರ್ ಇದ್ದರೆ ಇಪ್ಪತ್ಮೂರು ಎಲೆ ಹಿಡಿದು ಚೂರು ಉಳಿಯುತ್ತದೆ. ಆ ಚೂರೇ ನಿಮ್ಮ ಅರ್ಧ ಎಲೆ. ಹೊಲಿಗೆಯ ಉದ್ದದ ಗುಂಡಿಯನ್ನು ಒಂದಿಷ್ಟು ಕಡಿಮೆ ಮಾಡಿ ಹತ್ತು ಎಲೆಗೆ 125 ಮಿಲಿಮೀಟರ್ ಬರುವಂತೆ ಹೊಂದಿಸಿದರೆ, 300ರಲ್ಲಿ ಸರಿಯಾಗಿ 24 ಎಲೆಗಳು ಕೂಡುತ್ತವೆ. ತೋಳಿನ ನಡುಮಡಿಕೆಯ ಆಚೆಗೆ ಹನ್ನೆರಡು, ಈಚೆಗೆ ಹನ್ನೆರಡು.

ತೋಳನ್ನು ಕೊಳವೆಯಾಗಿ ಕೂಡಿಸುವ ಮೊದಲೇ, ಹರವಿದ ಅರಿವೆಯ ಮೇಲೆಯೇ ಬಳ್ಳಿಯನ್ನು ಹೊಲಿಯಿರಿ. ಆಗ ಎರಡೂ ತುದಿಗಳು ಕಂಕುಳ ಕೆಳಗಿನ ಹೊಲಿಗೆಯಲ್ಲಿ ಸೇರಿಹೋಗುತ್ತವೆ. ಒಂದು ತೋಳನ್ನು ನಿಧಾನ, ಇನ್ನೊಂದನ್ನು ಜೋರು ಹೊಲಿದರೂ ಉದ್ದ ಬದಲಾಗಬಹುದು. ಎರಡನ್ನೂ ಒಂದೇ ಕೂತಲ್ಲಿ, ಒಂದೇ ವೇಗದಲ್ಲಿ ಮುಗಿಸಿರಿ. ನಡುವೆ ಚಹಾಕ್ಕೆ ಏಳಬೇಡಿರಿ.

ಬೆಟಗೇರಿ ಮಗ್ಗದ ಮನೆ

ಮಷೀನಿನ ಮಾತು ಸಾಕಷ್ಟಾಯಿತು, ಅರಿವೆಯ ಪರವಾಗಿ ನಾನು ನಾಲ್ಕು ಮಾತು ಬರೆಯುತ್ತೇನೆ. ನಮ್ಮದು ನೇಕಾರರ ಮನೆ.

ಅಕ್ಕಾವರು ಬಳ್ಳಿಯನ್ನು ದಡಿಗೆ ತೀರ ಹತ್ತಿರದಲ್ಲಿ, ಬಹುಶಃ ದಡಿಯ ಗೆರೆಯ ಮೇಲೆಯೇ ಹೊಲಿದಿರಬೇಕು ಎಂದು ನನ್ನ ಅನುಮಾನ. ನೋಡಲು ಅದೇ ಚೆಂದವೆನಿಸುತ್ತದೆ. ಆದರೆ ದಡಿಯಲ್ಲಿ ಹಾಸಿನ (ಉದ್ದದ) ಎಳೆಗಳು ಒತ್ತೊತ್ತಾಗಿರುತ್ತವೆ, ಅರಿವೆಯ ನಡುಭಾಗವಾದ ಒಡಲಿನಲ್ಲಿ ಅಷ್ಟು ಒತ್ತಾಗಿರುವುದಿಲ್ಲ. ಎಲೆಬಳ್ಳಿಯ ಬಲ ಮಗ್ಗುಲು ದಡಿಯ ಮೇಲೂ ಎಡ ಮಗ್ಗುಲು ಒಡಲಿನ ಮೇಲೂ ಬಿದ್ದರೆ, ಒಂದು ಕಡೆ ಗಟ್ಟಿನೆಲ, ಇನ್ನೊಂದು ಕಡೆ ಮೆತ್ತನೆಯ ನೆಲ ಸಿಕ್ಕಂತಾಗುತ್ತದೆ. ಬಲಗಡೆಯ ಎಲೆ ನಿಂತುಕೊಂಡು ಎಡಗಡೆಯದು ಕುಗ್ಗಿದ್ದಕ್ಕೆ ಇದೂ ಒಂದು ಕಾರಣವಾಗಿರಬಹುದು. ರಿಪೇರಿಯವರು ತಿರುಪು ತಿರುಗಿಸಲು ಹೇಳಿದ್ದಾರೆ. ನಾನಾದರೆ ಮೊದಲು ಸಾಲನ್ನು ದಡಿಯಿಂದ ಒಂದು ಬೆರಳಿನಗಲ ಮೇಲಕ್ಕೆ ಸರಿಸಿ ನೋಡುತ್ತಿದ್ದೆ.

ಖಣದ ಹಿಂಬದಿಯನ್ನು ಬೆಳಕಿಗೆ ಹಿಡಿದು ನೋಡಿರಿ. ಮೇಲ್ಗಡೆ ಚಿಕ್ಕ ಹೂವಾಗಿ ಕಾಣುವ ಎಳೆಗಳು ಹಿಂದೆ ಸಡಿಲವಾಗಿ ಹಾಯ್ದಿರುತ್ತವೆ. ಮೊಂಡಾದ ಸೂಜಿ ಆ ಎಳೆಗಳನ್ನು ಸರಿಸಿ ಹೋಗುವ ಬದಲು ಸಿಕ್ಕಿಸಿ ಎಳೆಯುತ್ತದೆ, ಮೇಲ್ಗಡೆ ಅಲ್ಲಿಂದ ಒಂದು ಗೆರೆ ಓಡುತ್ತದೆ. ಹಾಗಾಗಿ ಹೊಸ ಸೂಜಿ ಹಾಕಿರಿ, ಅದೂ 11 ನಂಬರಿನದು. ಪರದೆ, ಜೀನ್ಸ್ ಹೊಲಿದ 16 ನಂಬರಿನ ಸೂಜಿಯನ್ನು ಖಣದ ಹತ್ತಿರ ತರಬೇಡಿರಿ.

ಎಳೆಯ ದಿಕ್ಕಿನ ವಿಷಯವನ್ನೂ ಹೇಳಿಬಿಡುತ್ತೇನೆ. ದಡಿ ತೋಳಿನ ತುದಿಗೆ ಬರುವಂತೆ ಕತ್ತರಿಸಿದಾಗ ನಿಮ್ಮ ಬಳ್ಳಿ ಹಾಸಿನುದ್ದಕ್ಕೆ ಓಡುತ್ತದೆ, ಅದು ಹಿಗ್ಗುವುದು ಕಡಿಮೆ. ಕೊರಳಿನ ಸುತ್ತ ಹೊಲಿಯುವಾಗ ಹಾಸು, ಓರೆ, ಹೊಕ್ಕು (ಅಡ್ಡ ಎಳೆ) ಮೂರೂ ಬಂದುಹೋಗುತ್ತವೆ, ಓರೆಯಲ್ಲಂತೂ ಅರಿವೆ ರಬ್ಬರಿನಂತೆ ಹಿಗ್ಗುತ್ತದೆ. ಮುಂದೆಂದಾದರೂ ಕೊರಳಿಗೆ ಕಮಾನು ಹಾಕುವುದಾದರೆ ಕಾಗದ ಸಾಲದು. ಹಿಂಬದಿಗೆ ಇಸ್ತ್ರಿಯಿಂದ ಅಂಟಿಸುವ ಫ್ಯೂಸಿಂಗ್ ಬೇಕೇ ಬೇಕು.

ಮುಳಗುಂದ ನಾಕಾ, ಗದಗ

ಫ್ಯೂಸಿಂಗ್, ಬಟರ್ ಪೇಪರ್ ಎಂದು ಖರ್ಚು ಏಕೆ? ನಮ್ಮ ಅವ್ವ ಅಕ್ಕಿಯ ಗಂಜಿಯಲ್ಲಿ ಅರಿವೆಯನ್ನು ಅದ್ದಿ, ಅರೆ ಒಣಗಿದಾಗ ಇಸ್ತ್ರಿ ಮಾಡಿ ಹೊಲಿಯುತ್ತಿದ್ದರು. ಅರಿವೆ ಕಾಗದದಂತೆ ನಿಲ್ಲುತ್ತಿತ್ತು.

ಬೆಟಗೇರಿ ಮಗ್ಗದ ಮನೆ

ಹತ್ತಿಯ ಅರಿವೆಗಾದರೆ ಅವ್ವಾವರ ಉಪಾಯಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಖಣದಲ್ಲಿ ರೇಷ್ಮೆಯೋ ಆರ್ಟ್ ಸಿಲ್ಕೋ ಇದ್ದು, ಬಣ್ಣ ಬಿಡುತ್ತದೆಯೋ ಇಲ್ಲವೋ ಗೊತ್ತಿಲ್ಲದಾಗ ಗಂಜಿಯಲ್ಲಿ ಅದ್ದುವ ಧೈರ್ಯ ನನಗಿಲ್ಲ. ಒದ್ದೆ ಮಾಡಿದ ಬಿಳಿ ಹತ್ತಿಯ ಚೂರನ್ನು ದಡಿಯ ಮೇಲೆ ಒತ್ತಿ ಐದು ನಿಮಿಷ ಬಿಡಬೇಕು. ಕೆಂಪು ಹತ್ತಿದರೆ ಗಂಜಿಯ ಮಾತನ್ನು ಅಲ್ಲಿಗೇ ಬಿಡಬೇಕು.

ವಿದ್ಯಾನಗರ, ಹುಬ್ಬಳ್ಳಿ

ಈ ಚರ್ಚೆಯಲ್ಲೇ ನನ್ನ ಪ್ರಶ್ನೆಯನ್ನೂ ಸೇರಿಸಬಹುದೆಂದುಕೊಂಡಿದ್ದೇನೆ. ಇಳಕಲ್ ಸೀರೆಯ ಸೆರಗಿಗೆ ಕಸೂತಿಯ ಗೋಪುರ, ತೇರುಗಳನ್ನು ಮಷೀನಿನಿಂದ ಹಾಕಿ ಮಾರುವ ಯೋಚನೆ ಇದೆ. ನನ್ನ ಮಷೀನಿನಲ್ಲಿ ಮೂರೆಳೆಯ ನೇರ ಹೊಲಿಗೆಯೂ ಅಡ್ಡಗುಣಿತದ ಹೊಲಿಗೆಯೂ ಇವೆ. ದೂರದಿಂದ ನೋಡಿದರೆ ಕಸೂತಿಯ ಗವಂತಿ, ಮೆಂತೆ ಹೊಲಿಗೆಗಳಂತೆಯೇ ಕಾಣುತ್ತವೆ. ಕೈಯಿಂದ ತಿಂಗಳು ಹಿಡಿಯುವುದು ಮೂರು ದಿನಕ್ಕೆ ಮುಗಿಯುತ್ತದೆ. ಯಾರಾದರೂ ಮಾಡಿದ್ದೀರಾ?

ಕೈಕಸೂತಿ, ಧಾರವಾಡ

ತಮ್ಮಾ, ನಿನ್ನ ಪ್ರಶ್ನೆಯಲ್ಲಿ ಎರಡು ಪ್ರಶ್ನೆಗಳಿವೆ. ಒಂದು ಮಷೀನಿನದು, ಇನ್ನೊಂದು ಹೆಸರಿನದು.

ಮೊದಲು ಮಷೀನಿನದು. ಗವಂತಿಯಲ್ಲಿ ಒಂದೇ ದಾರ ಹೋಗುತ್ತದೆ, ಅದೇ ದಾರ ಮರಳಿ ಬರುತ್ತದೆ. ಹೋಗುವಾಗ ಒಂದು ಮನೆ (ಒಂದು ಹೊಲಿಗೆಯ ಜಾಗ) ತುಂಬಿ ಒಂದು ಮನೆ ಬಿಡುತ್ತೇವೆ, ಬರುವಾಗ ಬಿಟ್ಟ ಮನೆಗಳನ್ನು ತುಂಬುತ್ತೇವೆ. ಗಂಟು ಹಾಕುವುದಿಲ್ಲ, ಆದ್ದರಿಂದ ಸೆರಗಿನ ಮೇಲ್ಬದಿ ಯಾವುದು, ಕೆಳಬದಿ ಯಾವುದು ಎಂದು ಹೇಳಲಾಗುವುದಿಲ್ಲ. ಕಸೂತಿಯ ಇನ್ನೊಂದು ಹೊಲಿಗೆಯಾದ ಮುರಗಿಯೂ ಹೀಗೆಯೇ, ಮೆಟ್ಟಿಲು ಮೆಟ್ಟಿಲಾಗಿ ಹೋಗಿ ಬರುತ್ತದೆ. ಮಷೀನಿನ ಹೊಲಿಗೆಯಲ್ಲಿ ಎರಡು ದಾರಗಳಿವೆ, ಅವು ಅರಿವೆಯ ನಡುವೆ ಒಂದನ್ನೊಂದು ಕೊಕ್ಕೆ ಹಾಕಿಕೊಳ್ಳುತ್ತವೆ. ನಿನ್ನ ಮೂರೆಳೆಯ ಹೊಲಿಗೆಯಲ್ಲಿ ಸೂಜಿ ಒಂದೇ ಮನೆಯನ್ನು ಮುಂದಕ್ಕೆ, ಹಿಂದಕ್ಕೆ, ಮತ್ತೆ ಮುಂದಕ್ಕೆ ಎಂದು ಮೂರು ಸಲ ತುಂಬುತ್ತದೆ. ಅದು ಗಟ್ಟಿಮುಟ್ಟಾದ ಗೆರೆ, ಒಪ್ಪುತ್ತೇನೆ. ಆದರೆ ಗವಂತಿಯ ಗೆರೆ ಹಗುರ.

ಅದಕ್ಕಿಂತ ದೊಡ್ಡ ತೊಡಕು ಎಣಿಕೆಯದು. ನಾವು ಅರಿವೆಯ ಮೇಲೆ ಗೆರೆ ಬರೆದುಕೊಳ್ಳುವುದಿಲ್ಲ, ಎಳೆಗಳನ್ನು ಎಣಿಸುತ್ತೇವೆ. ಮಷೀನಿನ ಹಲ್ಲು ಎಳೆಗಳನ್ನು ಎಣಿಸುವುದಿಲ್ಲ, ಅದು ಮಿಲಿಮೀಟರಿನ ಲೆಕ್ಕದಲ್ಲಿ ಅರಿವೆಯನ್ನು ತಳ್ಳುತ್ತದೆ. ಬಳ್ಳಿಯ ಸಾಲಿನಲ್ಲಿ ಅರ್ಧ ಎಳೆ ತಪ್ಪಿದರೆ ಯಾರಿಗೂ ಕಾಣುವುದಿಲ್ಲ. ಗೋಪುರದಲ್ಲಿ ಎಡಗಡೆಯ ಮೆಟ್ಟಿಲುಗಳನ್ನು ಹತ್ತಿ, ಕಳಸ ಮುಟ್ಟಿ, ಬಲಗಡೆ ಇಳಿದು ಬುಡಕ್ಕೆ ಬರುವ ಹೊತ್ತಿಗೆ ಆ ಅರ್ಧರ್ಧ ಎಳೆಗಳೆಲ್ಲ ಕೂಡಿ, ಹೊರಟ ತೂತಿಗೂ ಮುಟ್ಟಿದ ತೂತಿಗೂ ಜೋಳದ ಕಾಳಿನಷ್ಟು ಅಂತರ ಬಿದ್ದಿರುತ್ತದೆ. ನಾನು ಹಟ ಹಿಡಿದು ಒಮ್ಮೆ ಮಾಡಿ ನೋಡಿದ್ದೇನೆ. ಪ್ರತಿ ತಿರುವಿನಲ್ಲೂ ಸೂಜಿಯನ್ನು ಅರಿವೆಯೊಳಗೆ ಇಳಿಸಿ, ಫುಟ್ ಎತ್ತಿ, ಅರಿವೆಯನ್ನು ತಿರುಗಿಸಿ, ಗಾಲಿಯನ್ನು ಕೈಯಿಂದ ತಿರುವುತ್ತ ಒಂದು ಚಿಕ್ಕ ಗೋಪುರ ಮುಗಿಸಲು ಹಿಡಿದ ಹೊತ್ತಿನಲ್ಲಿ ಕೈಯಿಂದ ಎರಡು ಗೋಪುರಗಳಾಗುತ್ತಿದ್ದವು. ನೇಯ್ಗೆ ಹೊಲಿಗೆಯನ್ನಂತೂ ಮಷೀನಿನಲ್ಲಿ ಕೇಳಲೇಬೇಡ.

ಮೆಂತೆ ಮಾತ್ರ ಬೇರೆ. ಅಡ್ಡಗುಣಿತದ ಸಾಲನ್ನು ಮಷೀನು ಚೆನ್ನಾಗಿಯೇ ಹಾಕುತ್ತದೆ, ದಡಿಯ ಪಕ್ಕಕ್ಕೆ ಅದೊಂದು ಸಾಲು ಒಪ್ಪುತ್ತದೆ.

ಇನ್ನು ಹೆಸರು. ಬೆಂಗಳೂರಿನ ಕಡೆ ಎಲ್ಲ ಬಗೆಯ ಎಂಬ್ರಾಯಿಡರಿಗೂ ಕಸೂತಿ ಎನ್ನುತ್ತಾರೆ, ನಿಘಂಟಿನ ಪ್ರಕಾರ ಅದು ತಪ್ಪಲ್ಲ. ನಮ್ಮ ಕಡೆ ಕಸೂತಿ ಎಂದರೆ ಗವಂತಿ, ಮುರಗಿ, ನೇಯ್ಗೆ, ಮೆಂತೆ ಈ ನಾಲ್ಕೇ. ಈ ಕೈಕೆಲಸದ ಹೆಸರಿಗೆ ಕಾನೂನಿನ ರಕ್ಷಣೆ ಕೊಡುವ ಭೌಗೋಳಿಕ ಸೂಚಿಕೆಯೂ (ಜಿಐ) ಇದೆ. ನೀನು ಮಷೀನಿನಿಂದ ಹೊಲಿದು "ಮಷೀನ್ ಹೊಲಿಗೆಯ ಗೋಪುರ" ಎಂದು ಮಾರಿದರೆ ನಾನೇ ಒಂದು ಕೊಂಡುಕೊಳ್ಳುತ್ತೇನೆ. "ಧಾರವಾಡ ಕಸೂತಿ" ಎಂದು ಚೀಟಿ ಅಂಟಿಸಿದರೆ, ಒಂದು ಸೆರಗಿಗೆ ತಿಂಗಳುಗಟ್ಟಲೆ ಕಣ್ಣು ಹಾಕಿ ಕೂತ ಹೆಣ್ಣುಮಕ್ಕಳ ಕೂಲಿಯನ್ನು ನಿನ್ನ ಮೂರು ದಿನದ ಬೆಲೆಗೆ ಇಳಿಸಿದಂತಾಗುತ್ತದೆ.

ವಿದ್ಯಾನಗರ, ಹುಬ್ಬಳ್ಳಿ

ಅಕ್ಕಾವರು ಹೇಳಿದ್ದು ಮನಸ್ಸಿಗೆ ಬಂತು. ಚೀಟಿಯ ಮೇಲೆ ಮಷೀನ್ ಹೊಲಿಗೆ ಎಂದೇ ಬರೆಸುತ್ತೇನೆ. ಗೋಪುರವನ್ನು ಕೈಬಿಟ್ಟು ಮೆಂತೆಯಂಥ ಸಾಲು, ಹೂಬಳ್ಳಿ ಇಷ್ಟಕ್ಕೇ ನಿಲ್ಲಿಸುವುದು ಒಳ್ಳೆಯದು ಎನಿಸುತ್ತಿದೆ. ಹೂಬಳ್ಳಿಗೆ ಜರಿ ದಾರ ಹಾಕಿದರೆ ಮಾತ್ರ ಮಾರಿಗೊಮ್ಮೆ ಕಡಿಯುತ್ತದೆ. ಅದಕ್ಕೇನು ಮಾಡಬೇಕು?

ಹಾವೇರಿ ರಿಂಗ್ ವರ್ಕ್

ಜರಿಯ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ನನ್ನದು ಗುಂಡಿಯ ಮಷೀನಲ್ಲ, ಕಾಲಿನಿಂದ ತುಳಿಯುವ ಹಳೆಯ ಕರಿಯ ಮಷೀನು. ಅದಕ್ಕೆ ಬರುವುದು ನೇರ ಹೊಲಿಗೆಯೊಂದೇ. ಆದರೂ ಅದರಲ್ಲಿ ನವಿಲು, ಮಾವಿನಕಾಯಿ, ಕಮಲ ಎಲ್ಲವನ್ನೂ ಹಾಕುತ್ತೇನೆ.

ಜರಿ ಕಡಿಯಲು ಕಾರಣ ಸೂಜಿಯ ಕಣ್ಣು. ದಾರ ಒಂದು ಹೊಲಿಗೆಯಲ್ಲಿ ಸೇರಿಹೋಗುವ ಮುನ್ನ ಸೂಜಿಯ ಕಣ್ಣಿನಲ್ಲಿ ಹತ್ತಾರು ಸಲ ಮೇಲೆ ಕೆಳಗೆ ಉಜ್ಜಿಕೊಳ್ಳುತ್ತದೆ. ಹತ್ತಿ, ಪಾಲಿಯೆಸ್ಟರ್ ತಾಳಿಕೊಳ್ಳುತ್ತವೆ. ಜರಿಯಲ್ಲಿ ಒಳಗೊಂದು ನೂಲು, ಅದರ ಸುತ್ತ ಹೊಳೆಯುವ ತೆಳು ಪಟ್ಟಿ. ಉಜ್ಜಿದಾಗ ಪಟ್ಟಿ ಸುಲಿದು ಕಣ್ಣಿನಲ್ಲಿ ಸಿಕ್ಕಿಕೊಳ್ಳುತ್ತದೆ. 14 ನಂಬರಿನ ಸೂಜಿ ಹಾಕಿ, ಟೆನ್ಷನ್ ಇಳಿಸಿ, ನಿಧಾನ ಹೊಲಿದರೆ ಅರ್ಧ ತೊಂದರೆ ಹೋಗುತ್ತದೆ. ನಾನು ಅದನ್ನೂ ಮಾಡುವುದಿಲ್ಲ. ಜರಿಯನ್ನು ಬಾಬಿನ್ನಿಗೆ ಕೈಯಿಂದ ಸುತ್ತಿ, ಮೇಲೆ ಅದೇ ಬಣ್ಣದ ಸಾದಾ ದಾರ ಹಾಕಿ, ಅರಿವೆಯನ್ನು ಮಗುಚಿ ಹಿಂಬದಿಯಿಂದ ಹೊಲಿಯುತ್ತೇನೆ. ಬಾಬಿನ್ನಿನ ಜರಿ ಸೂಜಿಯ ಕಣ್ಣಿನ ಮುಖವನ್ನೇ ನೋಡುವುದಿಲ್ಲ. ಕೇಸಿನ ತಿರುಪನ್ನು ಸಡಿಲಿಸಬೇಕಾಗುತ್ತದೆ, ಆದ್ದರಿಂದ ಜರಿಗೆಂದೇ ಇನ್ನೊಂದು ಕೇಸ್ ಕೊಂಡು, ಅದರ ಮೇಲೆ ಉಗುರಿನ ಬಣ್ಣದ ಗುರುತು ಹಾಕಿ ಇಡಿರಿ.

ಕರಿಯ ಮಷೀನು ಇದ್ದವರು ಯಾರಾದರೂ ಓದುತ್ತಿದ್ದರೆ ಅವರಿಗೊಂದು ಮಾತು. ಫುಟ್ ಬಿಚ್ಚಿ, ಹೊಲಿಗೆಯ ಉದ್ದವನ್ನು ಸೊನ್ನೆಗೆ ತಂದು, ರಿಂಗಿನಲ್ಲಿ ಬಿಗಿದ ಅರಿವೆಯನ್ನು ಕೈಯಿಂದಲೇ ಓಡಿಸಬೇಕು. ಕೈಕೆಲಸಕ್ಕೆ ರಿಂಗ್ ಹಾಕುವಾಗ ಅರಿವೆ ಮೇಲೆ ನಿಲ್ಲುತ್ತದೆ, ಮಷೀನಿಗೆ ಅರಿವೆ ರಿಂಗಿನ ತಳದಲ್ಲಿ, ತಟ್ಟೆಗೆ ತಾಗಿಕೊಂಡು ಇರಬೇಕು. ಫುಟ್ ಇಲ್ಲವೆಂದು ಫುಟ್ ಎತ್ತುವ ಹಿಡಿಕೆಯನ್ನು ಮೇಲೆಯೇ ಬಿಡಬೇಡಿರಿ. ಅದನ್ನು ಇಳಿಸಿದಾಗಲೇ ಟೆನ್ಷನ್ ತಟ್ಟೆಗಳು ದಾರವನ್ನು ಹಿಡಿಯುತ್ತವೆ. ಮರೆತರೆ ಅರಿವೆಯ ಕೆಳಗೆ ಹಕ್ಕಿಯ ಗೂಡು ಕಟ್ಟುತ್ತದೆ. ಕಲಿಯುವಾಗ ನಾನು ಒಂದು ವಾರ ಆ ಗೂಡುಗಳನ್ನೇ ಕತ್ತರಿಸಿದ್ದೇನೆ. ಬೆರಳುಗಳು ರಿಂಗಿನ ಅಂಚಿನ ಮೇಲೆಯೇ ಇರಲಿ, ಸೂಜಿಯ ಹತ್ತಿರ ಹೋಗಬಾರದು. ನನ್ನ ಎಡಗೈ ತೋರುಬೆರಳಿನ ಉಗುರಿನಲ್ಲಿ ಇಂದಿಗೂ ಒಂದು ಗೆರೆ ಇದೆ.

ಸಪ್ತಾಪುರ ಮನೆಹೊಲಿಗೆ, ಧಾರವಾಡ

ಎಲ್ಲರಿಗೂ ವರದಿ ಒಪ್ಪಿಸುತ್ತಿದ್ದೇನೆ. ಅಂಗೈ ಅಗಲದ ನಾಲ್ಕು ತುಂಡುಗಳಲ್ಲಿ ಮೂರು ಮುಗಿದವು. ಮೊದಲನೆಯ ತುಂಡಿನಲ್ಲಿ ಕಾಗದ, ತೋಡಿನ ಫುಟ್, 11 ನಂಬರಿನ ಹೊಸ ಸೂಜಿ ಇವುಗಳಿಂದಲೇ ಸುಕ್ಕು ಬಹುಪಾಲು ಹೋಯಿತು. ಟೆನ್ಷನ್ 3ರಲ್ಲಿ ಬಿಳಿ ಚುಕ್ಕಿ ಇನ್ನೂ ಕಾಣುತ್ತಿತ್ತು, ಎರಡೂವರೆಗೆ ಇಳಿಸಿದಾಗ ನಿಂತಿತು. ಎಡಗಡೆಯ ಎಲೆಯ ವಿಷಯದಲ್ಲಿ ಬೆಟಗೇರಿಯ ಅಣ್ಣಾವರ ಅನುಮಾನ ನಿಜ: ನಾನು ಸರಿಯಾಗಿ ದಡಿಯ ಗೆರೆಯ ಮೇಲೆಯೇ ಹೊಲಿದಿದ್ದೆ. ಒಂದು ಬೆರಳು ಮೇಲಕ್ಕೆ ಸರಿಸಿದ ಮೇಲೆ ಎಲೆ ಮುಕ್ಕಾಲು ಪಾಲು ಸರಿಹೋಯಿತು, ಉಳಿದ ಕಾಲು ಪಾಲನ್ನು ರಿಪೇರಿಯವರ ತಿರುಪು ನೋಡಿಕೊಂಡಿತು. ಹಾಗಾಗಿ ಇಬ್ಬರಲ್ಲಿ ಯಾರು ಗೆದ್ದರು ಎಂದು ನಾನು ಹೇಳಲಾರೆ.

ಲೆಕ್ಕವೂ ಕೂಡಿತು. ನನ್ನ ತೋಳು 290 ಮಿಲಿಮೀಟರ್, ಹತ್ತು ಎಲೆಗೆ 126 ಬಂದಿತ್ತು; ನಡುಮಡಿಕೆಯ ಎರಡೂ ಕಡೆ ಸಮ ಬರಲೆಂದು ಉದ್ದವನ್ನು ಒಂದಿಷ್ಟು ಕಡಿಮೆ ಮಾಡಿ ಸುಮಾರು 121ಕ್ಕೆ ತಂದಾಗ ಇಪ್ಪತ್ಮೂರು ಎಲೆಯ ಬದಲು ಇಪ್ಪತ್ನಾಲ್ಕು ಕೂತವು. ಎರಡೂ ತೋಳುಗಳನ್ನು ಒಂದೇ ಕೂತಲ್ಲಿ ಮುಗಿಸಿದೆ. ಎರಡನೆಯ ತೋಳಿನ ಹತ್ತೊಂಬತ್ತನೆಯ ಎಲೆಯ ಹೊತ್ತಿಗೆ ಕರೆಂಟು ಹೋಯಿತು. ಸೂಜಿ ಅರಿವೆಯಲ್ಲೇ ಇದ್ದುದರಿಂದ ಏನನ್ನೂ ಮುಟ್ಟದೆ, ಕರೆಂಟು ಬರುವ ತನಕ ಮುಕ್ಕಾಲು ಗಂಟೆ ಹಾಗೆಯೇ ಕೂತಿದ್ದೆ. ಬಂದ ಮೇಲೆ ಗಾಲಿಯನ್ನು ಕೈಯಿಂದ ಎರಡು ಸುತ್ತು ತಿರುವಿ ಮುಂದುವರಿಸಿದೆ. ಆ ಎಲೆ ಯಾವುದೆಂದು ಈಗ ನನಗೂ ಗುರುತಿಸಲಾಗುತ್ತಿಲ್ಲ.

ಕಾಗದ ಹರಿದು ತೆಗೆದು, ಟವೆಲಿನ ಮೇಲೆ ಮಗುಚಿ ಹಾಕಿ ಹಿಂಬದಿಯಿಂದ ಇಸ್ತ್ರಿ ಮಾಡಿದ್ದೇನೆ. ನಾಳೆ ಅಸ್ತರು ಕೂಡಿಸಬೇಕು. ಅದರ ಅರಿವೆಯನ್ನು ನೀರಿನಲ್ಲಿ ನೆನೆಹಾಕಿ ಒಣಗಿಸಿದ್ದಾಗಿದೆ.

ಹಳೇಹುಬ್ಬಳ್ಳಿ ಪಿಕೋ-ಫಾಲ್

ಸಂತೋಷ ಅಕ್ಕಾವರೇ. ಅಸ್ತರು ಕೂಡಿಸುವಾಗ ಟೆನ್ಷನ್ನನ್ನು ಮತ್ತೆ 4ಕ್ಕೆ ಏರಿಸುವುದನ್ನು ಮರೆಯಬೇಡಿರಿ. ತಿಂಗಳು ತುಂಬಿದವರ ರವಿಕೆ, ಮಗ್ಗುಲಲ್ಲಿ ಎರಡು ಅಂಗುಲ ಅರಿವೆಯನ್ನು ಒಳಗೆ ಬಿಟ್ಟೇ ಹೊಲಿಯಿರಿ.